ಅಮೆರಿಕ-ಬ್ರಿಟನ್ ದೋಸ್ತಿಯ ಚರಿತ್ರೆ: ಮುಂಬೈಯಲ್ಲೇ ಕೂತು ಓದುವುದು ಹೇಗೆ

ಯುಪಿಎಸ್‌ಸಿ, ಎಂಪಿಎಸ್‌ಸಿ ಅಂತ ಓದುತ್ತಿರುವ ನಮ್ಮ ಮಾಟುಂಗಾ, ಡೊಂಬಿವ್ಲಿ ಕಡೆಯ ಹುಡುಗರು ಈ ವಿಷಯ ಬಂದರೆ ಸಾಕು, ಚರ್ಚಿಲ್ 1946ರಲ್ಲಿ ಮಾಡಿದ ಭಾಷಣದಿಂದ ಶುರು ಮಾಡುತ್ತಾರೆ. ಆಮೇಲೆ ರೇಗನ್-ಥ್ಯಾಚರ್, ಆಮೇಲೆ ಬುಷ್-ಬ್ಲೇರ್ ಅಂತ ಅಧ್ಯಕ್ಷ-ಪ್ರಧಾನಿ ಜೋಡಿಗಳು, ಅಲ್ಲಿಗೆ ಮುಗಿಯಿತು. ಹಾಗೆ ಓದಿದರೆ ಎರಡು ದಿನದಲ್ಲಿ ಎಲ್ಲ ಮರೆತುಹೋಗುತ್ತದೆ, ಯಾಕೆಂದರೆ ಅದರಲ್ಲಿ ನಮ್ಮದು ಅನ್ನುವುದು ಏನೂ ಇಲ್ಲ.

ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಉದ್ರಿ ಪುಸ್ತಕ ಇರುತ್ತದಲ್ಲ, ಅದೇ ತರ ಗೆರೆ ಹಾಕಿ. ಮೂರು ಕಾಲಂ ಸಾಕು: ಕೊಟ್ಟವರು ಯಾರು, ಪಡೆದವರು ಯಾರು, ಬೆಲೆ ತೆತ್ತವರು ಯಾರು. ಮೂರನೇ ಕಾಲಮನ್ನು ಮಾತ್ರ ಖಾಲಿ ಬಿಡಬೇಡಿ. ಇಂಗ್ಲಿಷ್ ಗೈಡುಗಳಲ್ಲಿ ಸಿಗದ್ದು ಅದೇ, ಮುಂಬೈಯಲ್ಲಿ ಕೂತವರಿಗೆ ಸುಲಭವಾಗಿ ಸಿಗುವುದೂ ಅದೇ.

ಮೊದಲ ಪುಟ ಜಗಳಕ್ಕೆ. ಇವರಿಬ್ಬರು ಹುಟ್ಟಾ ಸ್ನೇಹಿತರು ಅಂದುಕೊಂಡಿದ್ದರೆ ಆ ಭ್ರಮೆ ಬಿಡಿ. 1812ರಲ್ಲಿ ಯುದ್ಧ, 1814ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸೈನಿಕರು ವಾಷಿಂಗ್ಟನ್‌ಗೆ ನುಗ್ಗಿ ಶ್ವೇತಭವನಕ್ಕೇ ಬೆಂಕಿ ಇಟ್ಟರು. 1861ರ ನವೆಂಬರ್‌ನಲ್ಲಿ ಟ್ರೆಂಟ್ ಎಂಬ ಬ್ರಿಟಿಷ್ ಟಪಾಲು ಹಡಗನ್ನು ಅಮೆರಿಕದ ನೌಕಾಪಡೆ ಸಮುದ್ರದ ನಡುವೆ ತಡೆದು, ಅದರಲ್ಲಿದ್ದ, ಅಂತರ್ಯುದ್ಧದಲ್ಲಿ ಸಿಡಿದು ಬೇರೆಯಾಗಿದ್ದ ದಕ್ಷಿಣದ ರಾಜ್ಯಗಳ ಇಬ್ಬರು ರಾಯಭಾರಿಗಳನ್ನು ಎಳೆದುಕೊಂಡು ಹೋದಾಗ ಇನ್ನೊಂದು ಯುದ್ಧ ಸ್ವಲ್ಪದರಲ್ಲಿ ತಪ್ಪಿತು. ಲಿಂಕನ್ ಸರ್ಕಾರ ಅವರನ್ನು ಬಿಟ್ಟುಕೊಟ್ಟಿತು ಅಂತ ಬಚಾವ್.

ಅದೇ ಹೊತ್ತಿಗೆ ಅಮೆರಿಕದ ದಕ್ಷಿಣದ ಬಂದರುಗಳು ಬಂದ್ ಆಗಿ, ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಸಿಗದೆ, ಎಲ್ಲರ ಕಣ್ಣು ಮುಂಬೈ ಕಡೆ ತಿರುಗಿತು. ನಮ್ಮ ಧಾರವಾಡ ಸೀಮೆಯಲ್ಲಿ 1840ರ ದಶಕದಲ್ಲೇ ಅಮೆರಿಕದ ಹತ್ತಿ ಬೀಜ ಹಾಕಿ ಬೆಳೆಸಿದ್ದರು, ಆ ಹತ್ತಿಗೆ ಧಾರವಾಡ-ಅಮೆರಿಕನ್ ಅಂತಲೇ ಹೆಸರು. ಅವರ ಅಂತರ್ಯುದ್ಧದಿಂದ ಮುಂಬೈಗೆ ದುಡ್ಡಿನ ಹೊಳೆ ಹರಿಯಿತು, 1865ರಲ್ಲಿ ಆ ಯುದ್ಧ ಮುಗಿದಾಗ ಇಲ್ಲಿಯ ಶೇರು ಮಾರುಕಟ್ಟೆ ಮಕಾಡೆ ಮಲಗಿತು. ಇದನ್ನು ಮೂರನೇ ಕಾಲಮಿಗೆ ಹಾಕಿ. ದೋಸ್ತಿಯ ಕಡೆಗೆ ಮೊದಲ ಹೆಜ್ಜೆ ಅಂತ ಬರೆಯಬೇಕಾದದ್ದು 1872. ಬ್ರಿಟನ್‌ನಲ್ಲಿ ಕಟ್ಟಿದ ಅಲಬಾಮಾ ಹಡಗು, ಅಂಥದ್ದೇ ಇನ್ನೂ ಕೆಲವು, ದಕ್ಷಿಣದವರ ಪರವಾಗಿ ಮಾಡಿದ ಹಾನಿಗೆ ಜಿನೀವಾದಲ್ಲಿ ಪಂಚಾಯಿತಿ ಕೂತು, ಬ್ರಿಟನ್ 1.55 ಕೋಟಿ ಡಾಲರ್ ಕಟ್ಟಿತು. ಬಡಿದಾಡದೆ ಲೆಕ್ಕ ಚುಕ್ತಾ.

ಅಲ್ಲಿಂದ ನೇರ 1940ಕ್ಕೆ ಹಾರಿ. ಮೊದಲ ಮಹಾಯುದ್ಧವನ್ನು ಒಂದು ಸಾಲಿನಲ್ಲಿ ಮುಗಿಸಿದರೂ ನಡೆಯುತ್ತದೆ, ಈ ಕಥೆಗೆ ಅದರ ಭಾರ ಕಡಿಮೆ ಅಂತ ನನ್ನ ಅಭಿಪ್ರಾಯ. 1940ರ ಸೆಪ್ಟೆಂಬರ್ 2ರಂದು ಅಮೆರಿಕ 50 ಹಳೇ ಯುದ್ಧನೌಕೆ ಕೊಟ್ಟಿತು. ಅದೇ ಒಪ್ಪಂದದಲ್ಲಿ ನ್ಯೂಫೌಂಡ್‌ಲ್ಯಾಂಡ್‌ನಿಂದ ಟ್ರಿನಿಡಾಡ್‌ವರೆಗೆ ಬ್ರಿಟನ್ನಿನ ಜಾಗಗಳಲ್ಲಿ 99 ವರ್ಷ ನೆಲೆ ಹೂಡುವ ಹಕ್ಕು ಪಡೆಯಿತು. ಸುಮ್ನೆ ಕೊಟ್ಟದ್ದೇನಲ್ಲ ಅಂತ ಗೊತ್ತಾಯಿತಲ್ವಾ? 1941ರ ಮಾರ್ಚ್ 11ಕ್ಕೆ ಲೆಂಡ್-ಲೀಸ್ ಕಾನೂನು ಬಂತು. ಈಗ ಸಾಮಾನು ತಗೊಳ್ಳಿ, ಲೆಕ್ಕ ಆಮೇಲೆ ನೋಡೋಣ ಅನ್ನುವ ವ್ಯವಸ್ಥೆ.

ಲೆಂಡ್-ಲೀಸ್ ಅಂದರೆ ಏನು ಅಂತ ತಲೆಯಲ್ಲಿ ಕೂರಬೇಕಾದರೆ ಒಂದು ಭಾನುವಾರ ಬೈಕುಲಾಗೆ ಹೋಗಿ. ಅಲ್ಲಿ ಅಗ್ನಿಶಾಮಕ ದಳದ ಮುಖ್ಯ ಕಚೇರಿಯಲ್ಲಿ 1944ರ ಏಪ್ರಿಲ್ 14ರಂದು ಸತ್ತ ಸಿಬ್ಬಂದಿಯ ಸ್ಮಾರಕ ಇದೆ. ಅವತ್ತು ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಹಡಗಿನ ಹೆಸರು ಫೋರ್ಟ್ ಸ್ಟಿಕೀನ್. ಕೆನಡಾದಲ್ಲಿ 1942ರಲ್ಲಿ ಕಟ್ಟಿದ್ದು, ಅಮೆರಿಕದ ಲೆಂಡ್-ಲೀಸ್ ಒಪ್ಪಂದದಲ್ಲಿ ಬ್ರಿಟನ್ ಕೈಗೆ ಬಂದದ್ದು. ಹೊಟ್ಟೆಯಲ್ಲಿ ಸುಮಾರು 1,400 ಟನ್ ಸ್ಫೋಟಕ, ಅದರ ಜೊತೆಗೇ ಹತ್ತಿಯ ಅಂಡಿಗೆಗಳು, ಚಿನ್ನದ ಗಟ್ಟಿಗಳು ಬೇರೆ. ಹತ್ತಿ ಮತ್ತು ಸ್ಫೋಟಕವನ್ನು ಒಂದೇ ಹಡಗಿನಲ್ಲಿ ತುಂಬಲು ಯಾವ ಪುಣ್ಯಾತ್ಮ ಒಪ್ಪಿದನೋ! ಮಧ್ಯಾಹ್ನ ಹೊಗೆ ಕಂಡಿತು, ಬೆಂಕಿ ಆರಿಸುವವರು ಹಡಗಿಗೆ ಏರಿ ನೀರು ಹಾಯಿಸಿದರು, ಸಂಜೆ ನಾಲ್ಕು ದಾಟಿದ ಕೂಡಲೇ ಹಡಗು ಸಿಡಿಯಿತು. ಅರ್ಧ ಗಂಟೆಯಲ್ಲಿ ಇನ್ನೊಂದು ಸಲ. ಕೊಲಾಬಾ ವೀಕ್ಷಣಾಲಯದ ಭೂಕಂಪ ಮಾಪಕದಲ್ಲೂ ಅದು ದಾಖಲಾಯಿತು. ಸತ್ತವರು ನೂರಾರು ಜನ, ಮನೆ ಕಳೆದುಕೊಂಡವರು ಸಾವಿರಾರು. ಯುದ್ಧಕಾಲವಾದ್ದರಿಂದ ಸುದ್ದಿಯನ್ನು ಅದುಮಿಟ್ಟರು. ಈಗ ನೋಟ್‌ಬುಕ್ ತೆಗೆಯಿರಿ. ಕೊಟ್ಟವರು ಅಮೆರಿಕ, ಪಡೆದವರು ಬ್ರಿಟನ್, ಬೆಲೆ ತೆತ್ತವರು ಮಸ್ಜಿದ್ ಬಂದರ್ ಸುತ್ತಿನ ಜನ.

ಅಲ್ಲಿಂದ ಲೋಕಲ್ ಹಿಡಿದು ಗ್ರ್ಯಾಂಟ್ ರೋಡಿಗೆ ಬನ್ನಿ, ದಾದರಿನಲ್ಲಿ ಗಾಡಿ ಬದಲಿಸಬೇಕು. ಆಗಸ್ಟ್ ಕ್ರಾಂತಿ ಮೈದಾನದಲ್ಲಿ ಒಂದು ಬೆಂಚು ನೋಡಿ ಕೂತು 1941ರ ಅಟ್ಲಾಂಟಿಕ್ ಸನ್ನದಿನ ಮೂರನೇ ಕಲಮು ಓದಿ. ಎಲ್ಲ ಜನರಿಗೂ ತಮ್ಮ ಸರ್ಕಾರ ತಾವೇ ಆರಿಸಿಕೊಳ್ಳುವ ಹಕ್ಕಿದೆ ಅಂತ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್, ಬ್ರಿಟನ್ ಪ್ರಧಾನಿ ಚರ್ಚಿಲ್ ಇಬ್ಬರೂ ಒಪ್ಪಿದ್ದರು. ಸೆಪ್ಟೆಂಬರ್‌ನಲ್ಲಿ ಚರ್ಚಿಲ್ ಸಂಸತ್ತಿನಲ್ಲಿ ನಿಂತು, ಆ ಕಲಮು ಭಾರತಕ್ಕೆ, ಬರ್ಮಾಕ್ಕೆ ಅಂತ ಬರೆದದ್ದಲ್ಲ ಎಂಬ ಅರ್ಥದ ಮಾತಾಡಿದರು. 1942ರ ಜುಲೈನಲ್ಲಿ ಗಾಂಧೀಜಿ ರೂಸ್‌ವೆಲ್ಟ್‌ಗೆ ಪತ್ರ ಬರೆದು, ಭಾರತ ಮತ್ತು ಆಫ್ರಿಕಾವನ್ನು ಬ್ರಿಟನ್ ಸುಲಿಯುತ್ತಿರುವ ತನಕ, ಅಮೆರಿಕದ ಮನೆಯೊಳಗೇ ಕಪ್ಪು ಜನರ ಸಮಸ್ಯೆ ಇರುವ ತನಕ ನಿಮ್ಮ ಸ್ವಾತಂತ್ರ್ಯದ ಮಾತು ಟೊಳ್ಳು ಅಂದರು. ಆಗಸ್ಟ್ 8ಕ್ಕೆ ಇದೇ ಮೈದಾನದಲ್ಲಿ ಕ್ವಿಟ್ ಇಂಡಿಯಾ ಠರಾವು ಪಾಸಾಯಿತು. ಈ ಮೂರನ್ನೂ ಒಂದರ ಕೆಳಗೊಂದು ಬರೆಯಿರಿ, ಉತ್ತರ ಪತ್ರಿಕೆಯಲ್ಲಿ ಬೇರೆ ಯಾರೂ ಬರೆಯದ ಪ್ಯಾರಾ ನಿಮ್ಮದಾಗುತ್ತದೆ.

ಈಗ ಸಾಲ. 1945ರ ಆಗಸ್ಟ್‌ನಲ್ಲಿ ಯುದ್ಧ ಮುಗಿದ ಕೂಡಲೇ ಅಮೆರಿಕದ ಹೊಸ ಅಧ್ಯಕ್ಷ ಟ್ರೂಮನ್ ಲೆಂಡ್-ಲೀಸ್ ನಿಲ್ಲಿಸಿಬಿಟ್ಟರು. ಬ್ರಿಟನ್ ಕೈಯಲ್ಲಿ ಕಾಸಿಲ್ಲ. ಅಲ್ಲಿನ ಅರ್ಥಶಾಸ್ತ್ರಜ್ಞ ಕೇನ್ಸ್ ವಾಷಿಂಗ್ಟನ್ನಿಗೆ ಹೋಗಿ ಡಿಸೆಂಬರ್‌ನಲ್ಲಿ 375 ಕೋಟಿ ಡಾಲರ್ ಸಾಲ ತಂದರು, ಬಡ್ಡಿ ಶೇ 2. ಪುಕ್ಕಟೆ ಸಿಗುತ್ತದೆ ಅಂತ ಆಸೆ ಇಟ್ಟುಕೊಂಡು ಹೋಗಿದ್ದರು ಪಾಪ. ಅದರ ಕೊನೆಯ ಕಂತು ಕಟ್ಟಿದ್ದು 2006ರ ಡಿಸೆಂಬರ್‌ನಲ್ಲಿ. 1945ರ ಹೊತ್ತಿಗೆ ಬ್ರಿಟನ್ ನಮಗೂ ಸಾಲಗಾರ, 100 ಕೋಟಿ ಪೌಂಡಿಗೂ ಜಾಸ್ತಿ ಬಾಕಿ ಇತ್ತು, ಅದನ್ನೂ ಅದೇ ಪುಟದಲ್ಲಿ ಹಾಕಿ.

1946ರ ಮಾರ್ಚ್ 5ಕ್ಕೆ ಕೆಂಪು ಗೆರೆ ಎಳೆಯಿರಿ. ಮಿಸೌರಿಯ ಫುಲ್ಟನ್‌ನಲ್ಲಿ ಚರ್ಚಿಲ್ ಆ ಪ್ರಸಿದ್ಧ ‘ಕಬ್ಬಿಣದ ಪರದೆ’ ಭಾಷಣ ಮಾಡಿದ ದಿನವೇ, ಎರಡೂ ದೇಶದವರು ಗುಪ್ತ ಸಂದೇಶಗಳನ್ನು ಕದ್ದು ಕೇಳಿ ಹಂಚಿಕೊಳ್ಳುವ ಒಪ್ಪಂದಕ್ಕೆ ಸದ್ದಿಲ್ಲದೆ ಸಹಿ ಹಾಕಿದರು. ಭಾಷಣ ಜಗತ್ತಿಗೆಲ್ಲ ಕೇಳಿಸಿತು, ಒಪ್ಪಂದದ ಪ್ರತಿ ಹೊರಬಂದದ್ದು 2010ರಲ್ಲಿ. ನನ್ನ ಕೇಳಿದರೆ ಇವತ್ತಿಗೂ ಈ ಸಂಬಂಧ ನಿಂತಿರುವುದು ಇದರ ಮೇಲೆ, ಮತ್ತೆ 1958ರ ಅಣ್ವಸ್ತ್ರ ಒಪ್ಪಂದದ ಮೇಲೆ. ಅಧ್ಯಕ್ಷ-ಪ್ರಧಾನಿಗಳು ಕೈ ಕುಲುಕಿದ್ದಕ್ಕೆ ಅಷ್ಟು ಮಾರ್ಕ್ಸ್ ಕೊಡಬೇಡಿ.

ಸೂಯೆಜ್ ಕಾಲುವೆ ಗಲಾಟೆಗೆ ಎರಡು ಸಾಲು: 1956ರಲ್ಲಿ ಬ್ರಿಟನ್ ಈಜಿಪ್ಟಿಗೆ ನುಗ್ಗಿತು, ಅಮೆರಿಕ ಪೌಂಡಿನ ಕತ್ತು ಹಿಡಿಯಿತು, ಬ್ರಿಟನ್ ವಾಪಸು ಬಂತು, ಪ್ರಧಾನಿ ಈಡನ್ ಮನೆಗೆ ಹೋದರು.

ಇವರಿಬ್ಬರೂ ಎಲ್ಲದರಲ್ಲೂ ಒಂದೇನಾ ಅಂತ ನೋಡಲು ಭದ್ರತಾ ಮಂಡಳಿಯ ಮತಗಳನ್ನು ಪಕ್ಕಪಕ್ಕ ಇಡಿ. 1961ರ ಡಿಸೆಂಬರ್‌ನಲ್ಲಿ ನಮ್ಮ ಸೇನೆ ಗೋವಾಕ್ಕೆ ಹೋದಾಗ ಸೇನೆ ವಾಪಸು ಕರೆಸಿಕೊಳ್ಳಿ ಎಂಬ ಠರಾವಿಗೆ ಅಮೆರಿಕ, ಬ್ರಿಟನ್ ಎರಡೂ ಕೈ ಎತ್ತಿದವು, ಸೋವಿಯತ್ ವೀಟೋ ನಮ್ಮನ್ನು ಉಳಿಸಿತು. ಪೋರ್ಚುಗಲ್ ನ್ಯಾಟೋ ಸದಸ್ಯ, ಅಜೋರ್ಸ್‌ನಲ್ಲಿ ಅಮೆರಿಕಕ್ಕೆ ನೆಲೆ ಬೇಕಿತ್ತು. ಹತ್ತು ವರ್ಷ ಬಿಟ್ಟು 1971ರ ಡಿಸೆಂಬರ್, ಬಾಂಗ್ಲಾ ಯುದ್ಧ. ಯುದ್ಧ ನಿಲ್ಲಿಸಿ ಅಂತ ಅಮೆರಿಕ ತಂದ ಠರಾವಿಗೆ ಬ್ರಿಟನ್ ಮತ ಹಾಕದೆ ತಟಸ್ಥ ಕೂತಿತು. ಪಣಜಿ, ಮಡಗಾಂವ್ ಕಡೆಯ ನಮ್ಮವರು ಈ ಪುಟವನ್ನು ಚೆನ್ನಾಗಿ ತುಂಬಬಹುದು, ಮನೆಯಲ್ಲಿ ಹಿರಿಯರಿದ್ದರೆ 61ರ ಕಥೆ ಕೇಳಿ.

ಕೊನೆಗೆ ಒಂದು ಮ್ಯಾಪ್, ಒಂದು ಸ್ಕೇಲು. ಮುಂಬೈಯಿಂದ ನೇರ ಕೆಳಕ್ಕೆ ಗೆರೆ ಎಳೆಯಿರಿ. ಲಕ್ಷದ್ವೀಪ ದಾಟಿ, ಮಾಲ್ಡೀವ್ಸ್ ಪಕ್ಕದಿಂದ ಇಳಿದು, ಹೆಚ್ಚುಕಮ್ಮಿ ಅದೇ ಗೆರೆಯ ಮೇಲೆ ಚಾಗೋಸ್ ದ್ವೀಪಗಳಲ್ಲೊಂದಾದ ಡಿಯಾಗೊ ಗಾರ್ಸಿಯಾ ಸಿಗುತ್ತದೆ. 1966ರಲ್ಲಿ ಬ್ರಿಟನ್ ಅದನ್ನು ಅಮೆರಿಕದ ಸೇನೆಗೆ ಬಿಟ್ಟುಕೊಟ್ಟಿತು. ಬಾಡಿಗೆ ಅಂತ ಏನೂ ಇಲ್ಲ, ಬ್ರಿಟನ್ ಅಮೆರಿಕದಿಂದ ಕೊಳ್ಳುತ್ತಿದ್ದ ಪೊಲಾರಿಸ್ ಕ್ಷಿಪಣಿಯ ಲೆಕ್ಕದಲ್ಲಿ 1.4 ಕೋಟಿ ಡಾಲರ್ ರಿಯಾಯಿತಿ, ಅದೂ ಗುಟ್ಟಾಗಿ. 1968ರಿಂದ 1973ರ ಒಳಗೆ ಚಾಗೋಸ್ ದ್ವೀಪಗಳ ಜನರನ್ನೆಲ್ಲ ಹಡಗು ಹತ್ತಿಸಿ ಮಾರಿಷಸ್‌ಗೆ, ಸೇಶೆಲ್ಸ್‌ಗೆ ಸಾಗಿಸಿದರು, ಅವರ ನಾಯಿಗಳನ್ನು ಕೊಂದುಹಾಕಿದರು. 2001ರಲ್ಲಿ ಅಫ್ಘಾನಿಸ್ತಾನಕ್ಕೆ, 2003ರಲ್ಲಿ ಇರಾಕಿಗೆ ಬಾಂಬು ಹೊತ್ತ ವಿಮಾನಗಳು ಹಾರಿದ್ದು ಅಲ್ಲಿಂದ. 2025ರ ಮೇ 22ರಂದು ಆ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಟ್ಟು, ನೆಲೆಯನ್ನು 99 ವರ್ಷಕ್ಕೆ ಇಟ್ಟುಕೊಳ್ಳುವ ಒಪ್ಪಂದಕ್ಕೆ ಬ್ರಿಟನ್ ಸಹಿ ಹಾಕಿತು. 1940ರ ಪುಟ ತೆಗೆದು ಅದೇ 99ರ ಪಕ್ಕದಲ್ಲಿ ಇದನ್ನೂ ಗುರುತು ಹಾಕಿಕೊಳ್ಳಿ, ಮೂರನೇ ಕಾಲಮಿನಲ್ಲಿ ಚಾಗೋಸ್‌ನವರ ಹೆಸರು ಬರೆಯಿರಿ.