ಹೊಟ್ಟೆಯ ಬೊಜ್ಜು: ಮನೆಯಲ್ಲಿ ಅಳೆಯುವುದು, ರಿಪೋರ್ಟ್ ಓದುವುದು, ಕೊಡಗಿನ ಅಡುಗೆಯಲ್ಲೇ ಇಳಿಸುವುದು

ಇಬ್ಬರು ಹೆಂಗಸರಿದ್ದಾರೆ ಎಂದಿಟ್ಟುಕೊಳ್ಳಿ. ಇಬ್ಬರ ಎತ್ತರವೂ 160 ಸೆಂ.ಮೀ., ತೂಕವೂ 74 ಕೆ.ಜಿ., ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 28.9. ಒಬ್ಬರ ಹೊಟ್ಟೆಯ ಸುತ್ತಳತೆ 84 ಸೆಂ.ಮೀ., ಪೃಷ್ಠದ್ದು 110. ಇನ್ನೊಬ್ಬರ ಹೊಟ್ಟೆ 98, ಪೃಷ್ಠ 102. ತಕ್ಕಡಿಯ ಮೇಲೆ ಇಬ್ಬರಿಗೂ ವ್ಯತ್ಯಾಸವಿಲ್ಲ. ಸಕ್ಕರೆ ಕಾಯಿಲೆ, ಫ್ಯಾಟಿ ಲಿವರ್, ಹೃದಯಾಘಾತದ ಮಾತು ಬಂದರೆ ಎರಡನೆಯವರಿಗೆ ಅಪಾಯ ಹೆಚ್ಚು. ಕೊಬ್ಬು ಎಷ್ಟಿದೆ ಎಂಬುದರ ಜೊತೆಗೆ ಎಲ್ಲಿ ಕೂತಿದೆ ಎಂಬುದನ್ನೂ ನೋಡಬೇಕು. ಫ್ರಾನ್ಸಿನ ವೈದ್ಯ ಜಾನ್ ವಾಗ್ 1947ರಲ್ಲೇ ಇದನ್ನು ಬರೆದಿಟ್ಟರು. ಆದರೂ ನಮ್ಮಲ್ಲಿ ಇವತ್ತಿಗೂ ಹೆಚ್ಚಿನವರು ತೂಕ ನೋಡಿ ಸುಮ್ಮನಾಗುತ್ತಾರೆ.

ತೊಡೆ, ಪೃಷ್ಠಗಳ ಚರ್ಮದಡಿ ಸೇರುವ ಕೊಬ್ಬು ಬಹುಮಟ್ಟಿಗೆ ತನ್ನ ಪಾಡಿಗೆ ಇರುತ್ತದೆ. ಅಲ್ಲಿ ಜಾಗ ಮುಗಿದ ಮೇಲೆ, ಗೋದಾಮು ತುಂಬಿದಾಗ ಕಾಫಿ ಮೂಟೆಗಳನ್ನು ಮನೆಯೊಳಗೆ ಪೇರಿಸಿದ ಹಾಗೆ, ಕೊಬ್ಬು ಕರುಳಿನ ಸುತ್ತ, ಲಿವರ್, ಮೇದೋಜೀರಕ ಗ್ರಂಥಿ, ಮಾಂಸಖಂಡಗಳ ಒಳಗೆ ಸೇರತೊಡಗುತ್ತದೆ. ಕರುಳಿನ ಸುತ್ತಲಿನ ಕೊಬ್ಬಿನಿಂದ ಹೊರಡುವ ರಕ್ತ ನೇರವಾಗಿ ಲಿವರ್‌ಗೆ ಹೋಗುತ್ತದೆ. ಕೊಬ್ಬು ತುಂಬಿದ ಲಿವರ್, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಖಾಲಿ ಹೊಟ್ಟೆಯಲ್ಲೂ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಏರುತ್ತದೆ. ಭಾರತೀಯರಲ್ಲಿ ಇದು ಕಡಿಮೆ ತೂಕಕ್ಕೇ ಶುರುವಾಗುತ್ತದೆ. ಹಾಗಾಗಿ ನಮಗೆ ಬಿಎಂಐ 23ರಿಂದಲೇ ಹೆಚ್ಚಿನ ತೂಕ, 25ರಿಂದ ಬೊಜ್ಜು ಎಂಬ ಲೆಕ್ಕ.

ಟೇಪು ಹಿಡಿಯುವ ಬಗೆ

ದರ್ಜಿಯ ಟೇಪು ಸಾಕು, ಎಳೆದು ಎಳೆದು ಉದ್ದವಾದದ್ದು ಬೇಡ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಮೊದಲು ಅಳೆಯಿರಿ. ಪಾದಗಳನ್ನು ತುಸು ಅಗಲಿಸಿ ನೇರ ನಿಲ್ಲಿ. ಕಂಕುಳಿನಿಂದ ನೇರ ಕೆಳಗೆ ಬೆರಳು ಒತ್ತುತ್ತಾ ಬಂದರೆ ಕೊನೆಯ ಪಕ್ಕೆಲುಬಿನ ಅಂಚು ಸಿಗುತ್ತದೆ. ಅದೇ ಗೆರೆಯಲ್ಲಿ ಇನ್ನೂ ಕೆಳಗೆ ಸೊಂಟದ ಮೂಳೆಯ ಮೇಲಂಚು. ಎರಡರ ನಡುಮಧ್ಯಕ್ಕೆ ಪೆನ್ನಿನಿಂದ ಗುರುತು ಹಾಕಿ. ಟೇಪು ಬರಿ ಮೈಮೇಲೆ, ನೆಲಕ್ಕೆ ಸಮನಾಗಿ ಸುತ್ತಬೇಕು. ಬೆನ್ನ ಹಿಂದೆ ಜಾರಿದೆಯೇ ಎಂದು ಇನ್ನೊಬ್ಬರು ನೋಡಲಿ, ಇಲ್ಲವೇ ಕನ್ನಡಿ ಮುಂದೆ ನಿಲ್ಲಿ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಂಕಿ ಓದಿ. ಟೇಪು ಮೈಗೆ ತಾಗಿರಲಿ, ಚರ್ಮಕ್ಕೆ ಒತ್ತಿ ಗೀರು ಮೂಡಬಾರದು. ಎರಡು ಸಲ ಅಳೆದು ಸರಾಸರಿ ಹಿಡಿಯಿರಿ. ಎರಡರ ನಡುವೆ 1 ಸೆಂ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಮೊದಲಿನಿಂದ ಶುರು ಮಾಡಿ.

ತಪ್ಪು ಹೆಚ್ಚಾಗಿ ಆಗುವುದು ಜಾಗ ಹಿಡಿಯುವುದರಲ್ಲಿ. ಪ್ಯಾಂಟಿನ ಸೈಜನ್ನೇ ಹೊಟ್ಟೆಯ ಅಳತೆ ಎಂದುಕೊಳ್ಳುವ ಗಂಡಸರು ಬೇಕಾದಷ್ಟು ಮಂದಿ. ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ. 36 ಇಂಚಿನ ಪ್ಯಾಂಟು ಹಾಕುವವರ ಹೊಟ್ಟೆ 42 ಇಂಚು ಇರಬಹುದು. ಸೀರೆಯ ನೆರಿಗೆಯ ಮೇಲೆ ಅಳೆದರೂ ಲೆಕ್ಕ ಕೆಡುತ್ತದೆ. ಹೊಟ್ಟೆ ಜೋತಿದ್ದರೆ ಹೊಕ್ಕುಳೂ ಕೆಳಗೆ ಜಾರಿರುತ್ತದೆ, ಅದನ್ನು ಗುರುತಾಗಿ ನಂಬಬೇಡಿ. ಮೂಳೆ ಕೈಗೆ ಸಿಗದಿದ್ದರೆ ಅಂಗಾತ ಮಲಗಿ ಹುಡುಕಿ, ಗುರುತು ಹಾಕಿಕೊಂಡು ಎದ್ದು ನಿಲ್ಲಿ.

ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಎಚ್ಚರವಹಿಸಬೇಕು. ಇನ್ನೂ ಸುಲಭದ ಲೆಕ್ಕವಿದೆ: ಸುತ್ತಳತೆಯನ್ನು ಎತ್ತರದಿಂದ ಭಾಗಿಸಿ. 0.5ರ ಒಳಗಿರಬೇಕು, 0.6 ದಾಟಿದರೆ ಅಪಾಯ ಜಾಸ್ತಿ. ಮೇಲಿನ ಉದಾಹರಣೆಯಲ್ಲಿ ಮೊದಲನೆಯವರದು 0.53, ಎರಡನೆಯವರದು 0.61. ಮೊದಲನೆಯವರೂ ಗೆರೆಯೊಳಗಿಲ್ಲ ಎಂಬುದನ್ನು ಗಮನಿಸಿ. ಬಿಎಂಐ 35 ದಾಟಿದವರಿಗೆ ಟೇಪು ಹೊಸದಾಗಿ ಹೇಳುವುದು ಕಡಿಮೆ. ಅವರು ನೇರವಾಗಿ ರಕ್ತ ಪರೀಕ್ಷೆಗೆ ಹೋಗಲಿ.

ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಗೆ, ಮಖಮಲ್ಲಿನಂತೆ ದಪ್ಪಗಾಗಿದೆಯೇ ಎಂದೂ ನೋಡಿಕೊಳ್ಳಿ. ಉಜ್ಜಿದರೆ ಹೋಗುವ ಕೊಳೆಯಲ್ಲ ಅದು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ಮಕ್ಕಳ ಕುತ್ತಿಗೆಯಲ್ಲಿ ಕಂಡರೂ ವೈದ್ಯರಿಗೆ ತೋರಿಸಿ.

ಐದು ಅಂಕಿಗಳು

ರಕ್ತ ಕೊಡುವ ಮುಂಚೆ 10ರಿಂದ 12 ಗಂಟೆ ಏನೂ ತಿನ್ನಬಾರದು, ನೀರು ಕುಡಿಯಬಹುದು. ಕೊಡಗಿನಲ್ಲಿ ಈ ನಿಯಮ ಮುರಿಯುವುದು ಬೆಳಗಿನ ಬೆಲ್ಲದ ಕಾಫಿಯಿಂದ. ಒಂದೇ ಲೋಟ ಎಂದರೂ ಶುಗರ್ ಏರುತ್ತದೆ. ಹಿಂದಿನ ರಾತ್ರಿ ಮದ್ಯ ಕುಡಿದಿದ್ದರೆ ಟ್ರೈಗ್ಲಿಸರೈಡ್ ಸುಳ್ಳು ಹೇಳುತ್ತದೆ. ಮದುವೆ, ಹುತ್ತರಿ ಹಬ್ಬದ ಮರುದಿನ ಲ್ಯಾಬಿಗೆ ಹೋಗಬೇಡಿ.

ನೋಡಬೇಕಾದ ಐದು: ಹೊಟ್ಟೆಯ ಸುತ್ತಳತೆ, ಬಿಪಿ 130/85 ಅಥವಾ ಹೆಚ್ಚು, ಖಾಲಿ ಹೊಟ್ಟೆಯ ಶುಗರ್ 100 ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ. ಮೂರು ಗೆರೆ ದಾಟಿದ್ದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ರಕ್ತ ಪರೀಕ್ಷೆ) 5.7ರಿಂದ 6.4 ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5ರಿಂದ ಮೇಲೆ ಕಾಯಿಲೆಯೇ. ರಕ್ತಹೀನತೆ ಅಥವಾ ಸಿಕಲ್ ಸೆಲ್ ತೊಂದರೆ ಇರುವವರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸುತ್ತದೆ, ವೈದ್ಯರಿಗೆ ಮೊದಲೇ ಹೇಳಿ. ಮೂವತ್ತು ದಾಟಿದವರು ಬಿಪಿ, ಶುಗರನ್ನು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ನೋಡಿಸಿಕೊಳ್ಳಬಹುದು.

ಬಿಪಿಯಲ್ಲಿ ಒಂದು ಮಾತು. ತೋಳು ದಪ್ಪವಿದ್ದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ತೋಳಿನ ನಡುವೆ ಟೇಪು ಸುತ್ತಿ ನೋಡಿ, 32 ಸೆಂ.ಮೀ. ದಾಟಿದ್ದರೆ ದೊಡ್ಡ ಪಟ್ಟಿ ಕೇಳಿ ಪಡೆಯಿರಿ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಸಿಗರೇಟು ಬೇಡ, ಐದು ನಿಮಿಷ ಒರಗಿ ಕೂತಿರಿ.

ಲಿವರ್ ಸ್ಕ್ಯಾನಿನಲ್ಲಿ ‘ಫ್ಯಾಟಿ’ ಎಂದು ಬಂದರೆ ಗಾಬರಿಯೂ ಬೇಡ, ಉಡಾಫೆಯೂ ಬೇಡ. ಲಿವರ್ ಗಟ್ಟಿಯಾಗುತ್ತಿದೆಯೇ ಎಂಬ ಅಂದಾಜಿಗೆ ಫಿಬ್-4 ಎಂಬ ಲೆಕ್ಕವಿದೆ. ಇದಕ್ಕೆ ಬೇಕಾದ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳ ಅಂಕಿಗಳು ಲಿವರ್‌ನ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿರುತ್ತವೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ; ಪ್ಲೇಟ್‌ಲೆಟ್ಟನ್ನು (2 ಲಕ್ಷ ಇದ್ದರೆ 200 ಎಂದು ಹಿಡಿಯಿರಿ) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ; ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ವಯಸ್ಸು 48, ಎಸ್‌ಜಿಒಟಿ 40, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 2 ಲಕ್ಷ ಇದ್ದರೆ 1920 ಭಾಗಿಸು 1400, ಅಂದರೆ 1.37. 1.3ರ ಒಳಗಿದ್ದರೆ ಸದ್ಯಕ್ಕೆ ನೆಮ್ಮದಿ, ಮೇಲಿದ್ದರೆ ಮುಂದಿನ ಪರೀಕ್ಷೆ ಬೇಕು, 2.67 ದಾಟಿದರೆ ತಜ್ಞರನ್ನೇ ಕಾಣಬೇಕು. 35ಕ್ಕಿಂತ ಚಿಕ್ಕವರಿಗೆ ಈ ಲೆಕ್ಕ ಸರಿ ಬರುವುದಿಲ್ಲ. 65 ದಾಟಿದವರಿಗೆ ಮೊದಲ ಗೆರೆ 2.0.

ಬೊಜ್ಜಿದ್ದೂ ಅಂಕಿಗಳೆಲ್ಲ ಸರಿಯಾಗಿವೆಯೇ? ಒಳ್ಳೆಯದು, ಆದರೆ ಆ ಸ್ಥಿತಿ ಹಲವರಲ್ಲಿ ಉಳಿಯುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಕೊಬ್ಬು ತೊಡೆಯಿಂದ ಹೊಟ್ಟೆಯತ್ತ ಸರಿಯುತ್ತದೆ. ವರ್ಷಕ್ಕೊಮ್ಮೆ ಮತ್ತೆ ನೋಡಿಸಿ.

ಪಂದಿಕರಿ, ಪುಟ್ಟು, ಪೆಗ್ಗು

ಪಂದಿಕರಿಯನ್ನು (ಹಂದಿ ಮಾಂಸದ ಸಾರು) ಬಿಡಿ ಎಂದು ಹೇಳುವುದು ಸುಲಭ, ಪಾಲಿಸುವವರು ಯಾರೂ ಇಲ್ಲ. ಬಿಡಬೇಕಾಗಿಯೂ ಇಲ್ಲ, ಮಾಡುವ ಬಗೆ ಬದಲಿಸಿದರೆ ಸಾಕು. ಕೊಬ್ಬಿನ ಪದರ ತೆಳ್ಳಗಿರುವ ತುಂಡು ಆರಿಸಿ. ಹಿಂದಿನ ದಿನವೇ ಬೇಯಿಸಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೇಲೆ ಬಿಳಿಯ ಕೊಬ್ಬು ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ಸೌಟಿನಿಂದ ಎತ್ತಿ ತೆಗೆದು, ಆಮೇಲೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿ ಕುದಿಸಿ. ತೆಗೆದ ಒಂದೊಂದು ದೊಡ್ಡ ಚಮಚಕ್ಕೂ ಸುಮಾರು 120 ಕ್ಯಾಲರಿ ಕಡಿಮೆ.

ಹೊಟ್ಟೆ ಬೆಳೆಯುವುದು ಪಂದಿಯೊಂದರಿಂದಲ್ಲ, ಜೊತೆಗೆ ಲೆಕ್ಕವಿಲ್ಲದೆ ಇಳಿಯುವ ಕಡಂಬುಟ್ಟಿನಿಂದ (ಅಕ್ಕಿ ತರಿಯ ಕಡುಬು). ಬೆಳಿಗ್ಗೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಮಧ್ಯಾಹ್ನ ಅನ್ನ, ರಾತ್ರಿ ನೂಪುಟ್ಟು (ಅಕ್ಕಿ ಶಾವಿಗೆ), ಮೂರೂ ಅಕ್ಕಿಯೇ. ಒಣ ಅಕ್ಕಿ 100 ಗ್ರಾಂಗೆ ಸುಮಾರು 350 ಕ್ಯಾಲರಿ. ಬೇಯಿಸುವ ಮುಂಚೆ ತರಿಯನ್ನು ಅಳೆದು ಹಾಕಿ, ಊಟಕ್ಕೆ ತಲೆಗೆ 50 ಗ್ರಾಂನಿಂದ ಶುರು ಮಾಡಿ. ತಟ್ಟೆಯ ಅರ್ಧ ಭಾಗ ಕೆಂಬು (ಕೆಸುವಿನ ಸೊಪ್ಪು), ಬೈಂಬಳೆ (ಕಳಲೆ), ಕುಮ್ಮು (ಅಣಬೆ), ಸೊಪ್ಪು ಇರಲಿ. ಕಾಲು ಭಾಗ ಮೊಟ್ಟೆ, ಕೋಳಿ, ಮೀನು ಅಥವಾ ಕಾಳು.

42.8 ಶೇಕಡಾದ ಮದ್ಯದ 60 ಮಿ.ಲೀ. ಪೆಗ್ಗಿನಲ್ಲಿ ಆಲ್ಕೊಹಾಲಿನದೇ ಸುಮಾರು 140 ಕ್ಯಾಲರಿ. ಅದಕ್ಕಿಂತ ಕೆಟ್ಟದ್ದೆಂದರೆ, ಲಿವರ್ ಅದನ್ನು ಸುಡುವವರೆಗೆ ಕೊಬ್ಬನ್ನು ಸುಡುವುದು ಹಿಂದೆ ಬೀಳುತ್ತದೆ. ಫ್ಯಾಟಿ ಲಿವರ್ ಇರುವವರು ಪೂರ್ತಿ ನಿಲ್ಲಿಸಬೇಕು, ಇದರಲ್ಲಿ ರಾಜಿ ಇಲ್ಲ.

ನಡಿಗೆ, ಮಳೆಗಾಲದಲ್ಲೂ

ವಾರಕ್ಕೆ 150 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವ ವೇಗದಲ್ಲಿ ನಡೆಯಿರಿ. ಜೀಪಿನಲ್ಲಿ ತೋಟ ಸುತ್ತಿದ್ದು ಲೆಕ್ಕಕ್ಕಿಲ್ಲ. ಮಂಡಿ ನೋವಿದ್ದರೆ ಇಳಿಜಾರು ಇಳಿಯಬೇಡಿ, ಕಣದಂಥ ಸಮತಟ್ಟು ಜಾಗ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೆಂದು ನಿಲ್ಲಿಸುವವರೇ ಹೆಚ್ಚು. ಆಗ ಊಟವಾದ ಮೇಲೆ ಜಗಲಿಯಲ್ಲಿ ಹತ್ತು ಹದಿನೈದು ನಿಮಿಷ ನಡೆದರೂ ಶುಗರ್ ಇಳಿಯುತ್ತದೆ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಹತ್ತು ಹತ್ತರಂತೆ ಮೂರು ಸಲ ಮಾಡಿ. ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಮಾಂಸಖಂಡವೇ.

ಹೊಟ್ಟೆಗೆ ಕಟ್ಟುವ ಬೆಲ್ಟಿನಿಂದ ಇಳಿಯುವುದು ಬೆವರು ಮಾತ್ರ. ಚರ್ಮದಡಿಯ ಕೊಬ್ಬನ್ನು ಲೈಪೊಸಕ್ಷನ್ನಿನಿಂದ ಹೀರಿ ತೆಗೆದರೂ ಶುಗರ್ ಸುಧಾರಿಸದೆಂದು 2004ರ ಅಧ್ಯಯನವೊಂದು ತೋರಿಸಿದೆ, ಏಕೆಂದರೆ ಒಳಗಿನದು ಒಳಗೇ ಉಳಿಯುತ್ತದೆ. ತೂಕ ಇಳಿಸಲೆಂದು ಮಾರುವ ಗಾರ್ಸಿನಿಯಾ ಮಾತ್ರೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಕಾಚಂಪುಳಿಯ ಹಣ್ಣಿನದೇ ಸಾರ ಎಂದು ನಂಬಿ ನುಂಗುವವರಿದ್ದಾರೆ. ಸಾರಿಗೆ ಹಾಕುವ ಒಂದು ಚಮಚ ಹುಳಿ ಬೇರೆ, ಗಟ್ಟಿಗೊಳಿಸಿದ ಮಾತ್ರೆ ಬೇರೆ. ಆ ಮಾತ್ರೆಗಳಿಂದ ಲಿವರ್‌ಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ.

ಮೊದಲ ಗುರಿ ತೂಕದ 5ರಿಂದ 7 ಶೇಕಡಾ. 74 ಕೆ.ಜಿ.ಯವರಿಗೆ ಅದು 3.7ರಿಂದ 5.2 ಕೆ.ಜಿ. ಹೊಟ್ಟೆಯನ್ನು ತಿಂಗಳಿಗೊಮ್ಮೆ ಅಳೆಯಿರಿ, ದಿನವೂ ಬೇಡ. ಮೂರು ತಿಂಗಳಿಗೆ ರಕ್ತ ಪರೀಕ್ಷೆ. ತೂಕ ನಿಂತಲ್ಲೇ ನಿಂತು ಟೇಪು ಮಾತ್ರ ಇಳಿಯುತ್ತಿದ್ದರೆ ಹಿಡಿದ ದಾರಿ ಬದಲಿಸಬೇಡಿ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ತಗ್ಗಿಸುವ ಮುಂಚೆಯೇ ವೈದ್ಯರಿಗೆ ಹೇಳಿ ಡೋಸ್ ಸರಿಪಡಿಸಿಕೊಳ್ಳಿ. ಇಲ್ಲದಿದ್ದರೆ ನಡಿಗೆಯ ಮಧ್ಯೆ ಶುಗರ್ ಕುಸಿದು ಕೈಕಾಲು ನಡುಗಿ ಬೆವರಬಹುದು. ಜೇಬಿನಲ್ಲಿ 15 ಗ್ರಾಂ ಗ್ಲೂಕೋಸ್ ಪುಡಿ ಇಟ್ಟುಕೊಂಡೇ ಹೊರಡಿ.