ಅಡ್ವಾನ್ಸ್ ಕೊಡುವ ಮೊದಲು ಸೈಟಿನ ಮಣ್ಣು ನೋಡಿ

ಅಮೆರಿಕದ ಫ್ಲೋರಿಡಾದಲ್ಲಿ ಇದ್ದಕ್ಕಿದ್ದಂತೆ ನೆಲ ಬಾಯಿಬಿಟ್ಟು ಮನೆ ನುಂಗುವ ವಿಡಿಯೋ ನೋಡಿರುತ್ತೀರಿ. ಅಲ್ಲಿ ತಳದಲ್ಲಿರುವುದು ಸುಣ್ಣಕಲ್ಲು. ನೀರು ಅದನ್ನು ಕರಗಿಸಿ ಪೊಳ್ಳು ಮಾಡುತ್ತದೆ, ಒಂದು ದಿನ ಮೇಲಿನ ಮಣ್ಣು ಧೊಪ್ಪನೆ ಒಳಗೆ ಬೀಳುತ್ತದೆ. ಬೆಂಗಳೂರಿನ ಕೆಳಗಿರುವುದು ಗ್ರಾನೈಟ್ ಜಾತಿಯ ಗಟ್ಟಿ ಬಂಡೆ, ಅದು ಹಾಗೆ ಕರಗುವುದಿಲ್ಲ. ಆದರೂ ಇಲ್ಲಿ ನೆಲ ಕುಸಿಯುತ್ತದೆ ಅಲ್ವಾ? 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯಲ್ಲಿ ರಸ್ತೆಯೇ ಕುಸಿದು ಬೈಕ್ ಸವಾರರೊಬ್ಬರು ಗಾಯಗೊಂಡರು, ಅಲ್ಲೇ ಹತ್ತಿರದಲ್ಲಿ ಮೆಟ್ರೋ ಸುರಂಗದ ಕೆಲಸ ನಡೆದಿತ್ತು. ನಮ್ಮ ಊರಲ್ಲಿ ತೊಂದರೆ ಬರುವುದು ಜಾಸ್ತಿ ಮನುಷ್ಯ ಅಗೆದ ಕಡೆ, ತುಂಬಿಸಿದ ಕಡೆ, ಪೈಪು ಸೋರುವ ಕಡೆ. ಹಾಗಾಗಿ ಸೈಟ್ ನೋಡುವಾಗ ಮೊದಲ ಪ್ರಶ್ನೆ, ಈ ಜಾಗ ಮುಂಚೆ ಏನಾಗಿತ್ತು?

ಫೋನಿನಲ್ಲೇ ಶುರು ಮಾಡಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿದರೆ ಕೆರೆ, ರಾಜಕಾಲುವೆ, ಖರಾಬು (ಸಾಗುವಳಿಗೆ ಬಾರದ್ದು ಅಂತ ದಾಖಲಾದ ಜಮೀನು) ಎಲ್ಲ ಎಷ್ಟು ಹತ್ತಿರ ಇದೆ ಅಂತ ಕಾಣುತ್ತದೆ. ಕಂಪ್ಯೂಟರ್ ಇದ್ದರೆ ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರಕ್ಕೆ ಹಿಂದೆ ಹೋಗಿ, ಅದರಲ್ಲೂ ಮಳೆಗಾಲದ ನಂತರದ್ದು. ಈಗಿನ ಲೇಔಟ್ ಜಾಗದಲ್ಲಿ ನೀರೋ ಗದ್ದೆಯೋ ಕಲ್ಲಿನ ಕ್ವಾರಿಯೋ ಕಂಡರೆ ವಿಷಯ ಗೊತ್ತಾಯಿತು. ಕೆರೆ ಮೇಲೆ ಕಟ್ಟುವುದು ಇಲ್ಲಿ ಹೊಸದಲ್ಲ ಬಿಡಿ, ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯಲ್ಲಿ.

ಆಮೇಲೆ ಜಾಗಕ್ಕೆ ಹೋಗಿ. ಬೇಸಿಗೆಯಲ್ಲೂ ಜೊಂಡು ಹಸಿರಾಗಿದೆಯಾ? ಕಾಂಪೌಂಡು, ಕರೆಂಟ್ ಕಂಬ ವಾಲಿವೆಯಾ? ಅಕ್ಕಪಕ್ಕದ ಮನೆಗಳ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿದೆಯಾ? ಗಾರೆಯ ಕೂದಲೆಳೆ ಬಿರುಕು ಸಾಮಾನ್ಯ, ಆದರೆ ಇಟ್ಟಿಗೆ ಸಾಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದರೆ ಪಾಯ ಕೂರುತ್ತಿರಬಹುದು.

ಈಗ ಜೆಸಿಬಿ ತರಿಸಿ ಎರಡು ಮೂಲೆಯಲ್ಲಿ ಆಳುದ್ದ ಗುಂಡಿ ತೋಡಿಸಿ. ಒಳಗೆ ಇಳಿಯಬೇಡಿ, ಸಡಿಲ ಮಣ್ಣಿನ ಗೋಡೆ ಕುಸಿದರೆ ಹೊರಗೆ ಬರುವುದು ಕಷ್ಟ. ಮೇಲಿನಿಂದಲೇ ನೋಡಿದರೆ ಸಾಕು: ಮೂಲ ಮಣ್ಣಾದರೆ ಬಣ್ಣ ನಿಧಾನಕ್ಕೆ ಬದಲಾಗುತ್ತಾ ಗೊರಚಲಿಗೆ, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣಿಗೆ, ಇಳಿಯುತ್ತದೆ, ತುಂಬಿಸಿದ್ದಾದರೆ ಇಟ್ಟಿಗೆ ಚೂರು, ಟೈಲ್ಸ್, ಪ್ಲಾಸ್ಟಿಕ್ ಕವರ್, ಅದರ ಕೆಳಗೆ ನಾತ ಹೊಡೆಯುವ ಕಪ್ಪು ಕೆಸರು. "ಎರಡು ಮಳೆಗಾಲ ಕಳೆದಿದೆ ಸಾರ್, ಕೂತಿರುತ್ತೆ" ಅಂತ ಮೇಸ್ತ್ರಿ ಹೇಳಬಹುದು. ನಂಬಬೇಡಿ. ಕಸ ಕೊಳೆಯುತ್ತಾ ಇರುವವರೆಗೂ ಮಣ್ಣು ಕೂರುತ್ತಲೇ ಇರುತ್ತದೆ. ಗುಂಡಿ ತೋಡಲು ಓನರ್ ಬಿಡದಿದ್ದರೆ ಬೇರೆ ಸೈಟ್ ಹುಡುಕಿ.

ಮನೆ ಕಟ್ಟುವುದು ಖಚಿತವಾದ ಮೇಲೆ ಸಾಯಿಲ್ ಟೆಸ್ಟ್. ಬೋರ್ ಹಾಕಿ, ಅದರ ತಳದ ಮಣ್ಣಿಗೆ ಒಂದು ಕೊಳವೆ ಇಳಿಸಲು 63.5 ಕೆಜಿ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾರೆ. ಮೊದಲ 15 ಸೆಂ.ಮೀ. ಬಿಟ್ಟು ಮುಂದಿನ 30 ಸೆಂ.ಮೀ. ಕೊಳವೆ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಅನ್ನುವುದೇ ಎನ್ ವ್ಯಾಲ್ಯೂ. ಮರಳು ಮಣ್ಣಿನಲ್ಲಿ ಅದು 10ಕ್ಕಿಂತ ಕಮ್ಮಿ ಬಂದರೆ ನೆಲ ಸಡಿಲ. ನೀವೇ ನಿಂತು ಎಣಿಸಿ, ಕೆಲವರು ಸುಮ್ನೆ ಪಕ್ಕದ ಸೈಟಿನ ರಿಪೋರ್ಟನ್ನೇ ಕೊಟ್ಟುಬಿಡುತ್ತಾರೆ. ಬೋರು ತುಂಬಿಸಿದ ಮಣ್ಣನ್ನು ದಾಟಿ ಗಟ್ಟಿ ನೆಲಕ್ಕೆ ಹೋಗಲೇಬೇಕು.

ತುಂಬಿಸಿದ್ದು ಮೂರ್ನಾಲ್ಕು ಅಡಿಯಾದರೆ ತೆಗೆಸಿ ಗಟ್ಟಿ ಮಣ್ಣಿನ ಮೇಲೆ ಪಾಯ ಹಾಕಬಹುದು. ಜಾಸ್ತಿ ಆಳ ಇದ್ದರೆ ಪೈಲ್, ಅಂದರೆ ಗಟ್ಟಿ ನೆಲದವರೆಗೆ ಇಳಿಸುವ ಕಂಬ, ಬೇಕಾಗಬಹುದು, ಆ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರ್ ಮಾಡಲಿ. ಅರ್ಧ ಗಟ್ಟಿ, ಅರ್ಧ ತುಂಬಿಸಿದ ಸೈಟು ಎಲ್ಲಕ್ಕಿಂತ ಕೆಟ್ಟದ್ದು, ಒಂದು ಕಡೆ ಮಾತ್ರ ಇಳಿದು ಮನೆ ಸೀಳುತ್ತದೆ. ಗದಗ, ಧಾರವಾಡ, ವಿಜಯಪುರದ ಕಡೆಯವರಿಗೆ ಎರೆಮಣ್ಣಿನ ಕಾಟ ಬೇರೆ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿಬಿಡುತ್ತದೆ. ಅದಕ್ಕೇ ಅಂಡರ್‌ರೀಮ್ಡ್ ಪೈಲ್ ಇದೆ, ಬುಡದಲ್ಲಿ ಗಡ್ಡೆಯಂತೆ ದಪ್ಪಗಿರುವ ಕಾಂಕ್ರೀಟ್ ಕಂಬ.

ಮನೆ ಈಗಾಗಲೇ ಕಟ್ಟಿದ್ದೀರಾ? ಹಾಗಾದರೆ ನೀರು ನೋಡಿಕೊಳ್ಳಿ. ಸಂಪ್ ಸೋರಬಾರದು, ತಾರಸಿ ನೀರು ಪಾಯದ ಬುಡಕ್ಕೆ ಬೀಳಬಾರದು, ಇಂಗುಗುಂಡಿ ಗೋಡೆಯಿಂದ ದೂರ ಇರಲಿ. ಹಳೇ ಬಾವಿ ಮೇಲೆ ಬರೀ ಚಪ್ಪಡಿ ಎಳೆದು ಪಾರ್ಕಿಂಗ್ ಮಾಡಬೇಡಿ. ಬಿರುಕು ಬಂದರೆ ಅದರ ಎರಡೂ ತುದಿಗೆ ಪೆನ್ಸಿಲ್ ಗೀಟು ಎಳೆದು ತಾರೀಕು ಬರೆದಿಡಿ. ಗೀಟು ದಾಟಿ ಬೆಳೆಯುತ್ತಿದ್ದರೆ, ಬಾಗಿಲು ಬಿಗಿಯಾಗತೊಡಗಿದರೆ, ಗಾರೆ ಮೆತ್ತಿ ಮುಚ್ಚುವ ಮೊದಲೇ ಎಂಜಿನಿಯರನ್ನು ಕರೆಸಿ.