ಕಬ್ಬಿನ ಹಾಲಿನ ಸಕ್ಕರೆಯನ್ನು ಆಪ್ಟಿಕಲ್ ಫೈಬರ್‌ನಿಂದ ಅಳೆಯುವ ಬಗೆ

ಆಲೆಮನೆಯಿಂದ ಕಬ್ಬಿನ ಹಾಲು ತರುವುದು ಮಂಡ್ಯದ ಕಾಲೇಜು ವಿದ್ಯಾರ್ಥಿಗಳಿಗೆ ಕಷ್ಟವಲ್ಲ. ಅದರ ಸಕ್ಕರೆಯನ್ನು ಬೆಳಕಿನ ನೆರವಿನಿಂದ ಅಂದಾಜಿಸುವ ಸಂವೇದಕವನ್ನೂ ಪ್ರಯೋಗಾಲಯದಲ್ಲೇ ಕಟ್ಟಿಕೊಳ್ಳಬಹುದು.

ಈ ಸಂವೇದಕದ ಮುಖ್ಯ ಭಾಗ ಆಪ್ಟಿಕಲ್ ಫೈಬರ್, ಅಂದರೆ ಬೆಳಕನ್ನು ಸಾಗಿಸುವ ತೆಳುವಾದ ಎಳೆ. ಅದರ ತಿರುಳಿನ ವಕ್ರೀಭವನ ಸೂಚ್ಯಂಕವು (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಹೊದಿಕೆಯದಕ್ಕಿಂತ ಹೆಚ್ಚಿರುವುದರಿಂದ ಬೆಳಕು ಒಳಗೇ ಪ್ರತಿಫಲಿಸುತ್ತ ಸಾಗುತ್ತದೆ. ಒಂದು ಭಾಗದ ಹೊದಿಕೆಯನ್ನು ತೆಗೆದು ದ್ರವದಲ್ಲಿ ಮುಳುಗಿಸಿದರೆ ಅಲ್ಲಿ ದ್ರವವೇ ಹೊದಿಕೆಯಾಗುತ್ತದೆ. ನೀರಿನ ಸೂಚ್ಯಂಕ 1.333, ತೂಕದಲ್ಲಿ ಶೇ. 10ರ ಸಕ್ಕರೆ ದ್ರಾವಣದ್ದು 1.348, ಶೇ. 20ರದ್ದು 1.364, ಅಕ್ರಿಲಿಕ್ ತಿರುಳಿನದು ಸುಮಾರು 1.49. ತಿರುಳಿನ ಮತ್ತು ದ್ರವದ ಸೂಚ್ಯಂಕಗಳ ಅಂತರ ಕಿರಿದಾದಷ್ಟೂ, ಮುಖ್ಯವಾಗಿ ಬಾಗಿದ ಕಡೆ, ಹೆಚ್ಚು ಬೆಳಕು ಸೋರಿಹೋಗಿ ಇನ್ನೊಂದು ತುದಿಗೆ ಕಡಿಮೆ ತಲುಪುತ್ತದೆ.

ಗಾಜಿನ ಫೈಬರ್ ಸುಲಭವಾಗಿ ಮುರಿಯುವುದರಿಂದ 1 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಫೈಬರ್ ಆರಿಸಿಕೊಳ್ಳಿ. ಎರಡೂ ತುದಿಗಳನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ನಯವಾದ ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ ಹೊಳಪು ಬರಿಸಿ. ನಡುಭಾಗವನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ತೆಳುವಾದ ಸರಳಿಗೆ ಸುತ್ತಿ ಇಂಗ್ಲಿಷಿನ ‘ಯು’ ಆಕಾರಕ್ಕೆ ಬಾಗಿಸಿ, ತಣಿಯುವವರೆಗೆ ಹಾಗೆಯೇ ಹಿಡಿದಿಡಿ. ಆಮೇಲೆ ಬಾಗಿದ ಭಾಗದ ಹೊದಿಕೆಯನ್ನು ಸ್ಯಾಂಡ್‌ಪೇಪರ್‌ನಿಂದ ಹಗುರವಾಗಿ ಉಜ್ಜಿ ತೆಗೆಯಿರಿ. ಅಸಿಟೋನ್ ಬಳಸುವವರಿದ್ದಾರೆ, ಆದರೆ ಅದು ತಿರುಳನ್ನೂ ಕರಗಿಸುವುದರಿಂದ ಕಲಿಯುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಒಂದು ತುದಿಗೆ ಕೆಂಪು ಎಲ್‌ಇಡಿಯನ್ನೂ ಇನ್ನೊಂದಕ್ಕೆ ಬೆಳಕನ್ನು ವಿದ್ಯುತ್ತಾಗಿ ಬದಲಿಸುವ ಫೋಟೋಡಯೋಡನ್ನೂ ಅಲುಗಾಡದಂತೆ ಕೂರಿಸಿ, ಕೊಠಡಿಯ ಬೆಳಕು ಒಳನುಗ್ಗದಂತೆ ಕಪ್ಪು ಟೇಪಿನಿಂದ ಮುಚ್ಚಿ. ಕೈ ತಾಗಿ ಫೈಬರ್ ಸ್ವಲ್ಪ ಜರುಗಿದರೂ ಓದು (ಸಿಗುವ ಅಳತೆಯ ಅಂಕಿ) ಬದಲಾಗುವುದರಿಂದ ಇಡೀ ಜೋಡಣೆಯನ್ನು ಹಲಗೆಗೆ ಬಿಗಿಯಬೇಕು. ಬಹುಪಾಲು ತಪ್ಪು ಅಳತೆಗಳ ಮೂಲ ಇಲ್ಲೇ ಇರುತ್ತದೆ.

ಮಾಪನಾಂಕನಕ್ಕೆ, ಅಂದರೆ ಯಾವ ಓದಿಗೆ ಎಷ್ಟು ಸಕ್ಕರೆ ಎಂದು ಗುರುತಿಸಿಕೊಳ್ಳಲು, 5, 10, 15, 20 ಬ್ರಿಕ್ಸ್ (ತೂಕದಲ್ಲಿ ಸಕ್ಕರೆಯ ಶೇಕಡಾ ಪ್ರಮಾಣ) ದ್ರಾವಣಗಳನ್ನು ತಯಾರಿಸಿ. 10 ಬ್ರಿಕ್ಸ್ ಎಂದರೆ 10 ಗ್ರಾಂ ಸಕ್ಕರೆಗೆ 90 ಗ್ರಾಂ ನೀರು, 100 ಗ್ರಾಂ ಅಲ್ಲ. ಪ್ರತಿ ಓದನ್ನೂ ಬಟ್ಟಿ ಇಳಿಸಿದ ನೀರಿನಲ್ಲಿ ಸಿಕ್ಕ ಓದಿನಿಂದ ಭಾಗಿಸಿ ನಕ್ಷೆ ಎಳೆಯಿರಿ. ಎಲ್‌ಇಡಿಯ ಹೊಳಪು ದಿನದಿಂದ ದಿನಕ್ಕೆ ಬದಲಾದರೂ ಅನುಪಾತ ಅಷ್ಟಾಗಿ ಕದಲುವುದಿಲ್ಲ. ಎಲ್ಲ ದ್ರವಗಳೂ ಒಂದೇ ಉಷ್ಣತೆಯಲ್ಲಿರಲಿ. ಕಬ್ಬಿನ ಹಾಲು ಬೇಗ ಹುಳಿಯುವುದರಿಂದ ತಂದ ಕೂಡಲೇ ಬಟ್ಟೆಯಲ್ಲೂ ಬಳಿಕ ಫಿಲ್ಟರ್ ಕಾಗದದಲ್ಲೂ ಸೋಸಿ ಅಳೆಯಿರಿ, ಪ್ರತಿ ಸಲವೂ ಫೈಬರನ್ನು ತೊಳೆಯಿರಿ.

ಈ ಸಾಧನಕ್ಕೆ ಸಕ್ಕರೆಯ ಗುರುತು ಸಿಗುವುದಿಲ್ಲ. ಶೇ. 10ರ ಉಪ್ಪುನೀರಿನ ಸೂಚ್ಯಂಕವೂ 1.35ರ ಆಸುಪಾಸಿನಲ್ಲೇ ಇರುವುದರಿಂದ ಅದನ್ನೂ ಸಕ್ಕರೆಯೆಂದೇ ತೋರಿಸೀತು. ನಿರ್ದಿಷ್ಟ ವಸ್ತುವನ್ನೇ ಹಿಡಿಯಬೇಕಿದ್ದರೆ ಅದಕ್ಕೆ ಮಾತ್ರ ಸ್ಪಂದಿಸುವ ಪದರವನ್ನು ಬರಿದಾದ ತಿರುಳಿನ ಮೇಲೆ ಕೂರಿಸಬೇಕು: ಆಮ್ಲೀಯತೆಗೆ ಬಣ್ಣ ಬದಲಿಸುವ ರಾಸಾಯನಿಕ, ಬ್ಯಾಕ್ಟೀರಿಯಾಗೆ ಅದರ ಪ್ರತಿಕಾಯ (ಅದಕ್ಕೇ ಅಂಟಿಕೊಳ್ಳುವ ಪ್ರೋಟೀನು). ಪ್ರತಿಕಾಯವನ್ನು ಗಾಜಿನ ತಿರುಳಿಗೆ ಸಾಮಾನ್ಯವಾಗಿ ಕೊಂಡಿಯಂತೆ ಕೆಲಸ ಮಾಡುವ ಸಿಲೇನ್ ಸಂಯುಕ್ತದ ಮೂಲಕ ಬೆಸೆದು, ಖಾಲಿ ಉಳಿದ ಜಾಗಕ್ಕೆ ಬೇರೆ ಪ್ರೋಟೀನುಗಳು ಅಂಟದಂತೆ ಆಲ್ಬುಮಿನ್ ಎಂಬ ಪ್ರೋಟೀನಿನಿಂದ ಮುಚ್ಚುತ್ತಾರೆ. ಆ ಕೆಲಸಕ್ಕೆ ಜೀವರಸಾಯನ ವಿಭಾಗದವರ ಜೊತೆಗಾರಿಕೆಯೂ ಶೀತಲ ಸಂಗ್ರಹಣೆಯೂ ಬೇಕಾಗುತ್ತವೆ.